ಹೆಸರು ಬೆಂಗಳೂರು, ಸಂಬಳ ರಾಮನಗರ: ಬಾಡಿಗೆ ಮನೆಯವರ ಪಾಡು ಕೇಳೋರ್ಯಾರು?

ರಾಮನಗರ ಜಿಲ್ಲೆ ಕಾಗದದ ಮೇಲೆ ಈಗ ರಾಮನಗರ ಜಿಲ್ಲೆಯಲ್ಲ. 2025ರ ಮೇ 22ರಂದು ರಾಜ್ಯ ಸಚಿವ ಸಂಪುಟ ಅದಕ್ಕೆ 'ಬೆಂಗಳೂರು ದಕ್ಷಿಣ' ಎಂದು ಹೆಸರಿಡಲು ಒಪ್ಪಿತು. ಜಿಲ್ಲಾ ಕೇಂದ್ರ ರಾಮನಗರದಲ್ಲೇ ಉಳಿಯಿತು. ರಾಮದೇವರ ಬೆಟ್ಟ, ಅರ್ಕಾವತಿ, ಗೂಡಿನ ಮಾರುಕಟ್ಟೆ ಎಲ್ಲವೂ ಇದ್ದಲ್ಲೇ ಇವೆ. ಬದಲಾದದ್ದು ಸೈಟು ಮಾರುವವರ ಮಾತಿನ ವರಸೆ. 'ಬೆಂಗಳೂರಿಗೆ ಹತ್ತಿರ' ಎನ್ನುತ್ತಿದ್ದವರು 'ಬೆಂಗಳೂರೇ ಸ್ವಾಮಿ' ಎನ್ನತೊಡಗಿದರು. ಸೈಟು ಇದ್ದವರ ಕಿವಿಗೆ ಅದು ಇಂಪು. ಬಾಡಿಗೆ ಮನೆಯಲ್ಲಿರುವವರಿಗೆ ಮಾತ್ರ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗೆ.

ಹೆಸರು ಬದಲಾದದ್ದು ಗೊತ್ತೇ ಆಗದ ಜಾಗ ಒಂದಿದೆ. ಅದು ಸರ್ಕಾರಿ ನೌಕರರ ಸಂಬಳದ ಪಟ್ಟಿ. ಮನೆ ಬಾಡಿಗೆ ಭತ್ಯೆ ಜಿಲ್ಲೆಯ ಹೆಸರು ನೋಡಿ ಬರುವುದಿಲ್ಲ, ಊರಿನ ಜನಸಂಖ್ಯೆ ನೋಡಿ ಬರುತ್ತದೆ. ಏಳನೇ ವೇತನ ಆಯೋಗದ ಪ್ರಕಾರ 2024ರ ಆಗಸ್ಟ್ 1ರಿಂದ ಬೆಂಗಳೂರಿನಂಥ ದೊಡ್ಡ ನಗರದಲ್ಲಿ ಮೂಲ ವೇತನದ ನೂರಕ್ಕೆ 20, ನಡುವಿನ ದರ್ಜೆಯ ಊರಿಗೆ 15, ಉಳಿದ ಊರುಗಳಿಗೆ ಏಳೂವರೆ. 2011ರ ಜನಗಣತಿಯಲ್ಲಿ ರಾಮನಗರಕ್ಕೆ 95 ಸಾವಿರ, ಚನ್ನಪಟ್ಟಣಕ್ಕೆ 72 ಸಾವಿರ, ಕನಕಪುರಕ್ಕೆ 54 ಸಾವಿರ, ಮಾಗಡಿಗೆ 27 ಸಾವಿರದಷ್ಟು ಜನ. ನಾಲ್ಕೂ ಏಳೂವರೆಯ ಊರುಗಳೇ.

ಲೆಕ್ಕ ಹಾಕಿ ನೋಡಿ. ಅದೇ ಆಯೋಗ ಗೊತ್ತುಮಾಡಿದ ಕನಿಷ್ಠ ಮೂಲ ವೇತನ 27,000 ರೂಪಾಯಿ. ಬೆಂಗಳೂರಿನ ಕಚೇರಿಯ ಜವಾನನಿಗೆ ಬಾಡಿಗೆ ಭತ್ಯೆ 5,400 ರೂಪಾಯಿ. ಐವತ್ತು ಕಿಲೋಮೀಟರ್ ಈಚೆ, ಅದೇ ಕೆಲಸ ಮಾಡುವ ರಾಮನಗರದ ಜವಾನನಿಗೆ 2,025 ರೂಪಾಯಿ. ಇಷ್ಟು ದುಡ್ಡಿಗೆ ಗಂಡ, ಹೆಂಡತಿ, ಎರಡು ಮಕ್ಕಳು ಕಾಲು ಚಾಚಿ ಮಲಗುವ ಮನೆ ಈ ಊರಲ್ಲಿ ಎಲ್ಲಿ ಸಿಗುತ್ತದೆ ಎಂದು ಯಾರಾದರೂ ಪುಣ್ಯಾತ್ಮರು ತೋರಿಸಿಕೊಟ್ಟರೆ ಜನ ಸಾಲುಗಟ್ಟಿ ನಿಂತಾರು.

ಹಾಗೆ ನೋಡಿದರೆ ಜವಾನನ ಪಾಡೇ ವಾಸಿ. ಅವನಿಗೆ ಭತ್ಯೆ ಅಂತ ಒಂದು ಕಾಲಮ್ಮಾದರೂ ಇದೆ. ಫಿಲೇಚರ್‌ನಲ್ಲಿ ನೂಲು ತೆಗೆಯುವವರಿಗೆ, ಚನ್ನಪಟ್ಟಣದಲ್ಲಿ ಗೊಂಬೆಗೆ ಬಣ್ಣ ಹಚ್ಚುವವರಿಗೆ, ಬಿಡದಿಯ ಗುತ್ತಿಗೆ ಕಾರ್ಮಿಕರಿಗೆ, ಗಾರ್ಮೆಂಟ್ಸ್ ಬಸ್ಸಿಗೆ ಬೆಳಗಿನ ಜಾವ ಓಡುವ ಹೆಣ್ಣುಮಕ್ಕಳಿಗೆ ಅದೂ ಇಲ್ಲ.

ಬಾಡಿಗೆ ಏರಿಸುವ ಕೈ ಯಾವುದು?

ಜನ ಹೆಚ್ಚಾದರು, ಅದಕ್ಕೇ ಬಾಡಿಗೆ ಏರಿತು ಎಂದು ಹೇಳುವುದು ಸುಲಭ. ಈ ಜಿಲ್ಲೆಯ ಮಟ್ಟಿಗೆ ಅದು ಅರ್ಧ ಸುಳ್ಳು. 2001ರಿಂದ 2011ರವರೆಗಿನ ಹತ್ತು ವರ್ಷದಲ್ಲಿ ಬೆಂಗಳೂರು ನಗರ ಜಿಲ್ಲೆಯ ಜನ ನೂರಕ್ಕೆ 47ರ ಆಸುಪಾಸು ಹೆಚ್ಚಿದರೆ, ರಾಮನಗರ ಜಿಲ್ಲೆಯಲ್ಲಿ ಹೆಚ್ಚಿದ್ದು ನೂರಕ್ಕೆ 5 ಮಾತ್ರ. ಹಳ್ಳಿಯ ಹುಡುಗರು ಬಸ್ಸು ಹತ್ತಿ ಬೆಂಗಳೂರಿಗೆ ಹೋದರು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲವಾದ್ದರಿಂದ ಆಮೇಲಿನದಕ್ಕೆ ತಲೆ ಎಣಿಕೆಯ ಲೆಕ್ಕವಿಲ್ಲ.

ಹೆಚ್ಚಿದ್ದು ಬೆಂಗಳೂರಿನ ಕೈಯಳತೆ. 1999ರ ಕೊನೆಗೆ ಬಿಡದಿಯ ಟೊಯೊಟಾ ಕಾರ್ಖಾನೆಯಿಂದ ಕಾರು ಹೊರಬಿತ್ತು. ಸುತ್ತಲಿನ ಹಳ್ಳಿಗಳಲ್ಲಿ ದನದ ಕೊಟ್ಟಿಗೆ ಇದ್ದ ಜಾಗದಲ್ಲಿ ಸಾಲು ರೂಮುಗಳೆದ್ದವು. 2007ರ ಆಗಸ್ಟ್‌ನಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆಯಾಯಿತು. ಕಚೇರಿ, ಕೋರ್ಟು, ಗುಮಾಸ್ತರು, ವಕೀಲರು ಬಂದರು. 2021ರ ಜನವರಿಯಲ್ಲಿ ಕನಕಪುರ ರಸ್ತೆಯ ಮೆಟ್ರೋ ರೇಷ್ಮೆ ಸಂಸ್ಥೆಯವರೆಗೆ, 2023ರ ಅಕ್ಟೋಬರ್‌ನಲ್ಲಿ ಮೈಸೂರು ರಸ್ತೆಯ ಮೆಟ್ರೋ ಚಲ್ಲಘಟ್ಟದವರೆಗೆ ಬಂತು. ನಡುವೆ, 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ದಶಪಥದ ಉದ್ಘಾಟನೆಯಾಯಿತು. ಕೊರೋನಾ ಮುಗಿದು ಕಂಪ್ಯೂಟರ್ ಕಂಪನಿಯವರು ಮತ್ತೆ ಆಫೀಸಿಗೆ ಕರೆದಾಗ 2022-23ರಲ್ಲಿ ಬೆಂಗಳೂರಿನ ಬಾಡಿಗೆ ಹೇಗೆ ಜಿಗಿಯಿತು ಎಂಬುದು ದೆಹಲಿ ಪೇಪರುಗಳಲ್ಲೂ ಬಂತು. ಅಲ್ಲಿ ತಾಳಲಾರದವರು ಕೆಂಗೇರಿಗೆ, ಕೆಂಗೇರಿಯಲ್ಲಿ ತಾಳಲಾರದವರು ಬಿಡದಿಗೆ, ಬಿಡದಿಯಲ್ಲೂ ಆಗದವರು ರಾಮನಗರಕ್ಕೆ ಬಂದರು.

ಹೀಗೆ ಬಂದವರ ತಪ್ಪೇನಿಲ್ಲ. ಅವರೂ ಹೊಟ್ಟೆಪಾಡಿನವರೇ. ಆದರೆ ಅವರು ಬಂದದ್ದು ಬೆಂಗಳೂರಿನ ಸಂಬಳ ಜೇಬಿನಲ್ಲಿಟ್ಟುಕೊಂಡು. ಮನೆಯ ಯಜಮಾನ ಬಾಡಿಗೆ ಹೇಳುವಾಗ ಅವರ ಜೇಬು ನೋಡಿ ಹೇಳುತ್ತಾನೆಯೇ ಹೊರತು ಗೂಡಿನ ಮಾರುಕಟ್ಟೆಯ ಹಮಾಲಿಯ ಜೇಬು ನೋಡಿ ಹೇಳುವುದಿಲ್ಲ.

ದಶಪಥದಿಂದ ಬಡವರಿಗೆ ದಾರಿ ಸಲೀಸಾಯಿತೇ ಎಂದರೆ ಅದೂ ಇಲ್ಲ. ಶುರುವಿನಲ್ಲೇ ಕಾರಿಗೆ ಒಂದು ಕಡೆಯ ಟೋಲು 135 ರೂಪಾಯಿ, ಆಮೇಲೆ ಇನ್ನೂ ಏರಿತು. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಆ ರಸ್ತೆಗೆ ಹತ್ತುವಂತಿಲ್ಲ, ಸರ್ವೀಸ್ ರಸ್ತೆಯೇ ಗತಿ. ಬಡವರ ಮನೆ ಲೆಕ್ಕಕ್ಕೆ ನಿಜವಾಗಿ ಕೈಕೊಟ್ಟದ್ದು ರೈಲು ಮತ್ತು 2023ರ ಜೂನ್ 11ರಂದು ಶುರುವಾದ ಹೆಂಗಸರ ಉಚಿತ ಬಸ್ಸು. ಬಸ್ ಚಾರ್ಜು ಉಳಿಯಿತಲ್ಲ ಅಂತ ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗುವವರು ಅಲ್ಲಿ ಮನೆ ಮಾಡುವ ಬದಲು ಚನ್ನಪಟ್ಟಣ, ಮಾಗಡಿಗಳಲ್ಲೇ ಇರಬಹುದು. ಸರ್ಕಾರ ಬಸ್ಸಿನಲ್ಲಿ ಉಳಿಸಿಕೊಟ್ಟದ್ದು ಮನೆ ಬಾಡಿಗೆಯಲ್ಲಿ ಸೋರಿಹೋಗದಿರಲಿ ಎಂಬುದಷ್ಟೇ ಅವರ ಹರಕೆ.

ಇನ್ನು ಸಾಹೇಬರುಗಳ ವಿಚಾರ. ಸರ್ಕಾರಿ ನೌಕರ ಕೇಂದ್ರಸ್ಥಾನದಲ್ಲೇ ವಾಸವಿರಬೇಕು ಎಂಬ ನಿಯಮವಿದೆ. ಕಚೇರಿ ಬಿಡುವ ಹೊತ್ತಿಗೆ ರಾಮನಗರ ರೈಲ್ವೆ ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ಆ ನಿಯಮದ ಆರೋಗ್ಯ ತಿಳಿಯುತ್ತದೆ!

ಬಾಡಿಗೆ ಇಲ್ಲದ ಮನೆ!

ಈ ಭಾಗದಲ್ಲಿ ಬಾಡಿಗೆ ಎಂದರೆ ಅರ್ಧ ಕಥೆ ಮಾತ್ರ. ಉಳಿದರ್ಧದ ಹೆಸರು ಭೋಗ್ಯ. ಹಳಬರು ಹೊಲ ಭೋಗ್ಯಕ್ಕೆ ಹಾಕುತ್ತಿದ್ದರು, ಈಗ ಮನೆ. ಲೀಸು ಅಂತಲೂ ಕರೆಯುತ್ತಾರೆ. ಒಂದು ಗಂಟು ಹಣವನ್ನು ಯಜಮಾನನ ಕೈಗೆ ಕೊಟ್ಟು ಎರಡು ಅಥವಾ ಮೂರು ವರ್ಷ ಬಾಡಿಗೆ ಇಲ್ಲದೆ ಇರುವುದು, ಅವಧಿ ಮುಗಿದ ಮೇಲೆ ಕೊಟ್ಟ ಅಷ್ಟೂ ಹಣ ವಾಪಸ್ ಪಡೆದು ಬೀಗದ ಕೈ ಒಪ್ಪಿಸುವುದು. ತಿಂಗಳು ತಿಂಗಳು ಯಜಮಾನನ ಮುಖ ನೋಡುವ ತಾಪತ್ರಯವಿಲ್ಲ. ಕೊಟ್ಟ ದುಡ್ಡು ಎಲ್ಲೂ ಹೋಗುವುದಿಲ್ಲ. ಕೇಳಲು ಎಷ್ಟು ಚೆನ್ನ!

'ಬಾಡಿಗೆನೇ ಇಲ್ಲ ಕಣಣ್ಣ, ಭೋಗ್ಯದ ಮನೆ' ಎಂದು ಹೆಮ್ಮೆಯಿಂದ ಹೇಳುವವರು ಒಮ್ಮೆ ಕೂತು ಲೆಕ್ಕ ಹಾಕಬೇಕು. ಐದು ಲಕ್ಷಕ್ಕೆ ಭೋಗ್ಯ ಎಂದಿಟ್ಟುಕೊಳ್ಳಿ. ಆ ಐದು ಲಕ್ಷವನ್ನು ಹೆಂಡತಿಯ ಒಡವೆ ಅಡವಿಟ್ಟು ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ತಂದಿದ್ದರೆ ವರ್ಷದ ಬಡ್ಡಿ 60,000, ತಿಂಗಳಿಗೆ 5,000 ರೂಪಾಯಿ. ಬಾಡಿಗೆ ಇಲ್ಲದ ಮನೆಗೆ ತಿಂಗಳಿಗೆ ಐದು ಸಾವಿರ ಬಾಡಿಗೆ! ಸ್ವಂತ ದುಡ್ಡೇ ಇದ್ದು, ಅದನ್ನು ಬ್ಯಾಂಕಿನಲ್ಲಿ ನೂರಕ್ಕೆ 7ರ ಠೇವಣಿ ಇಡುವ ಬದಲು ಯಜಮಾನನಿಗೆ ಕೊಟ್ಟಿದ್ದರೂ ತಿಂಗಳಿಗೆ 2,900 ರೂಪಾಯಿ ಹೋಯಿತು. ಮೂರು ವರ್ಷದ ನಂತರ ವಾಪಸ್ ಬರುವ ಐದು ಲಕ್ಷ ಕೊಟ್ಟ ದಿನದ ಐದು ಲಕ್ಷವಲ್ಲ, ಅಷ್ಟು ಹೊತ್ತಿಗೆ ಪಕ್ಕದ ಮನೆಯ ಭೋಗ್ಯ ಏರಿರುತ್ತದೆ. ಮತ್ತೆ ಸಾಲ. ಒಡವೆಯ ನಂತರ ಚೀಟಿ, ಚೀಟಿಯ ನಂತರ ಸಂಘ, ಸಂಘದ ನಂತರ ಮೈಕ್ರೋ ಫೈನಾನ್ಸು. ಮೈಕ್ರೋ ಫೈನಾನ್ಸಿನವರ ಕಿರುಕುಳ ತಡೆಯಲು ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಾಲ ಯಾತಕ್ಕೆ ಮಾಡಿದಿರಿ ಎಂದು ಕೇಳುತ್ತಾ ಹೋದರೆ ಮದುವೆ, ಆಸ್ಪತ್ರೆಯ ಜೊತೆಗೆ ಭೋಗ್ಯದ ದುಡ್ಡೂ ಸಿಗದೆ ಇರದು.

ಇದಿಷ್ಟೂ ದುಡ್ಡು ವಾಪಸ್ ಬರುತ್ತದೆ ಎಂಬ ಭರವಸೆಯ ಮೇಲಿನ ಲೆಕ್ಕ. ಬಾರದಿದ್ದರೆ?

ಯಜಮಾನ ಭೋಗ್ಯದ ದುಡ್ಡನ್ನು ಡಬ್ಬಿಯಲ್ಲಿ ಇಟ್ಟಿರುವುದಿಲ್ಲ. ಮೇಲೊಂದು ಅಂತಸ್ತು ಎಬ್ಬಿಸಿರುತ್ತಾನೆ, ಮಗಳ ಮದುವೆ ಮಾಡಿರುತ್ತಾನೆ. ಅವಧಿ ಮುಗಿದ ದಿನ ಕೇಳಲು ಹೋದರೆ ಸಿಗುವ ಉತ್ತರ ಎಲ್ಲ ತಾಲ್ಲೂಕುಗಳಲ್ಲೂ ಒಂದೇ: 'ಹೊಸಬ್ರು ಬರ್ಲಿ ಕಣಮ್ಮ, ಬಂದ್ ದಿನಾನೇ ನಿಮ್ ದುಡ್ಡು ಎಣ್ಸಿ ಕೊಟ್ಬುಡ್ತೀನಿ.' ಅಂದರೆ ಹೊಸ ಭೋಗ್ಯದವರ ದುಡ್ಡಿನಲ್ಲಿ ಹಳಬರ ಋಣ ತೀರಬೇಕು. ಇದೊಂದು ಸರಪಳಿ. ಬೇಡಿಕೆ ಏರುತ್ತಿರುವವರೆಗೆ ಸರಪಳಿ ಗಟ್ಟಿ. 2020ರಲ್ಲಿ ಕೊರೋನಾ ಬಂದು ಜನ ಊರು ಬಿಟ್ಟಾಗ ಹೊಸಬರು ಎಲ್ಲಿಂದ ಬರಬೇಕು? ಅದೇ ವರ್ಷ ನವೆಂಬರ್‌ನಲ್ಲಿ ಬಿಡದಿಯ ಟೊಯೊಟಾ ಕಾರ್ಖಾನೆ ಲಾಕೌಟ್ ಆಯಿತು. ಕೆಲಸ ನಂಬಿ ರೂಮು ಹಿಡಿದವರಿಗೂ, ಅವರನ್ನು ನಂಬಿ ರೂಮು ಕಟ್ಟಿದವರಿಗೂ ಒಟ್ಟಿಗೇ ಹೊಡೆತ.

ಅದಕ್ಕಿಂತ ಕೆಟ್ಟದ್ದೆಂದರೆ ಯಜಮಾನ ಮನೆಯನ್ನೇ ಮಾರಿಬಿಡುವುದು, ಇಲ್ಲವೇ ಅದೇ ಮನೆಯ ಮೇಲೆ ಮೊದಲೇ ಬ್ಯಾಂಕಿನಲ್ಲಿ ಸಾಲ ಎತ್ತಿರುವುದು. ಕಂತು ಕಟ್ಟದಿದ್ದರೆ 2002ರ ಸರ್‌ಫೇಸಿ ಕಾಯಿದೆಯಡಿ ಬ್ಯಾಂಕಿನವರು ಬಾಗಿಲಿಗೆ ನೋಟಿಸು ಅಂಟಿಸುತ್ತಾರೆ. ಒಳಗಿರುವ ಭೋಗ್ಯದವರಿಗೆ ಮನೆಯ ಮೇಲೆ ಸಾಲವಿತ್ತು ಎಂಬುದೇ ಅವತ್ತು ತಿಳಿಯುತ್ತದೆ. ಮನೆ ಕೊಂಡವನು 'ನಿಮ್ ದುಡ್ಡು ಇಸ್ಕೊಂಡೋನು ನಾನಲ್ವಲ್ಲಪ್ಪ' ಎನ್ನುತ್ತಾನೆ. ಹತ್ತು ವರ್ಷ ಕೂಡಿಟ್ಟ ಗಂಟು, ಕೈಯಲ್ಲಿರುವುದು ಒಂದು ಛಾಪಾ ಕಾಗದ.

ಕಾಗದಕ್ಕೆ ಎಷ್ಟು ಬೆಲೆ?

ಆ ಕಾಗದದ ಬೆಲೆ ಎಷ್ಟು ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ಸ್ವಾಧೀನ ಕೊಟ್ಟು ಅದರ ಅನುಭೋಗಕ್ಕೆ ಬಿಡುವ ಭೋಗ್ಯವನ್ನು 1882ರ ಸ್ವತ್ತು ವರ್ಗಾವಣೆ ಕಾಯಿದೆ ಒಂದು ಬಗೆಯ ಅಡಮಾನವೆಂದೇ ಹೇಳುತ್ತದೆ. ಅದೇ ಕಾಯಿದೆಯ 59ನೇ ಕಲಮಿನ ಪ್ರಕಾರ ನೂರು ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಹಣದ ಇಂಥ ಅಡಮಾನ ನೋಂದಣಿಯಾದ ಪತ್ರದಿಂದ ಮಾತ್ರ ಆಗಬೇಕು, ಇಬ್ಬರು ಸಾಕ್ಷಿಗಳ ರುಜು ಇರಬೇಕು. ನೂರು ರೂಪಾಯಿ! ಐದು ಲಕ್ಷದ ಭೋಗ್ಯ ನಡೆಯುವುದು ನೋಟರಿಯ ಮೊಹರಿನ ಮೇಲೆ. ನೋಟರಿ ಮೊಹರು ನೋಂದಣಿಯಲ್ಲ. ನೋಂದಣಿಯಿಲ್ಲದ ಕಾಗದ ಹಿಡಿದು ಕೋರ್ಟಿಗೆ ಹೋದರೆ ಮನೆಯ ಮೇಲಿನ ಹಕ್ಕು ನಿಲ್ಲುವುದು ಕಷ್ಟ, ಕೊಟ್ಟ ಸಾಲದ ಹಾಗೆ ಹಣಕ್ಕೆ ದಾವೆ ಹೂಡಬೇಕು. ಅದಕ್ಕೂ ವಾಯಿದೆಯುಂಟು.

ಹಾಗಾದರೆ ಯಾಕೆ ಯಾರೂ ನೋಂದಣಿ ಮಾಡಿಸುವುದಿಲ್ಲ? ಖರ್ಚು. ಸ್ವಾಧೀನ ಕೊಟ್ಟ ಅಡಮಾನಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದ ಸಾಟಿ ಬೀಳುತ್ತದೆ. ಜೊತೆಗೆ ಯಜಮಾನ ಬರಲೊಪ್ಪುವುದಿಲ್ಲ. ಬಂದರೆ ಮನೆಯ ಋಣಭಾರ ಪತ್ರದಲ್ಲಿ ಭೋಗ್ಯ ಕಾಣಿಸಿಕೊಳ್ಳುತ್ತದೆ, ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಮಾರುವುದಕ್ಕೂ ಅಡ್ಡಿ. ಯಜಮಾನನಿಗೆ ಏನು ಅಡ್ಡಿಯೋ ಅದೇ ಭೋಗ್ಯದವನಿಗೆ ರಕ್ಷೆ. ಅದಕ್ಕೇ ಅದು ಆಗುವುದಿಲ್ಲ.

ಬಾಡಿಗೆ ಕರಾರೂ ಅಷ್ಟೆ. ಹನ್ನೊಂದು ತಿಂಗಳ ಕರಾರು ಯಾಕೆ, ಹನ್ನೆರಡು ಯಾಕಲ್ಲ ಎಂದು ಕೇಳುವವರಿದ್ದಾರೆ. ವರ್ಷ ಮೀರಿದ ಗುತ್ತಿಗೆ ಪತ್ರ ನೋಂದಣಿಯಾಗಲೇಬೇಕು, ಹನ್ನೊಂದು ತಿಂಗಳಿಗೆ ಆ ಕಟ್ಟುಪಾಡಿಲ್ಲ. ಆದ್ದರಿಂದ ಕೋರ್ಟಿನ ಮುಂದಿನ ಟೈಪು ಅಂಗಡಿಗಳಲ್ಲಿ ಹನ್ನೊಂದು ತಿಂಗಳು ಎಂಬುದು ಶಾಸನದ ಹಾಗೆ ನಡೆದುಬಂದಿದೆ. ಮನೆಯಲ್ಲಿರುವವರಿಗೆ ಅದರ ಅರ್ಥ ಇಷ್ಟೆ: ವರ್ಷ ತುಂಬುವುದರೊಳಗೆ ಬಾಡಿಗೆ ಏರಿಸುವ ಮಾತು.

ಹಳಬರಿಗೆ ನೆನಪಿರಬಹುದು, ಒಂದು ಕಾಲಕ್ಕೆ ಹೀಗಿರಲಿಲ್ಲ. 1961ರ ಬಾಡಿಗೆ ನಿಯಂತ್ರಣ ಕಾಯಿದೆಯಡಿ ಮನೆ ಖಾಲಿಯಾದರೆ ಯಜಮಾನ ರೆಂಟ್ ಕಂಟ್ರೋಲರಿಗೆ ತಿಳಿಸಬೇಕಿತ್ತು. ಯಾರಿಗೆ ಕೊಡಬೇಕು ಎಂದು ಅವರೇ ಹೇಳುತ್ತಿದ್ದರು. ಬಾಡಿಗೆಗೆ ಮಿತಿ ಇತ್ತು, ಕಾರಣವಿಲ್ಲದೆ ಎಬ್ಬಿಸುವಂತಿರಲಿಲ್ಲ. ಅದರ ದುರುಪಯೋಗವೂ ಆಯಿತೆನ್ನಿ. ಅಪ್ಪ ಹಿಡಿದ ಬಾಡಿಗೆಗೆ ಮಗ, ಮಗನ ಬಾಡಿಗೆಗೆ ಮೊಮ್ಮಗ ಕೂತು, ಎಚ್‌.ಆರ್‌.ಸಿ. ಕೇಸುಗಳಲ್ಲಿ ಯಜಮಾನರ ತಲೆ ನೆರೆಯಿತು. ಬಾಡಿಗೆದಾರ ಎಂದರೆ ಯಜಮಾನರು ಇಂದಿಗೂ ಬೆಚ್ಚುವುದಕ್ಕೆ, ಒಂದೇ ಮನೆಯಲ್ಲಿ ಬಹಳ ವರ್ಷ ಇರಗೊಡದಿರುವುದಕ್ಕೆ ಆ ಹಳೆಯ ಭಯವೂ ಕಾರಣ. ಈ ಊರುಗಳ ಮನೆ ಯಜಮಾನರೆಲ್ಲ ಕೋಟ್ಯಧೀಶರೇನಲ್ಲ. ನಿವೃತ್ತಿಯ ಗಂಟಿನಲ್ಲಿ ಮೇಲೆ ಎರಡು ಮನೆ ಕಟ್ಟಿ ಅದರ ಬಾಡಿಗೆಯಲ್ಲಿ ಮಾತ್ರೆ, ಔಷಧಿ ತಗೊಳ್ಳುವ ಮೇಷ್ಟ್ರುಗಳೇ ಬೀದಿಗಿಬ್ಬರಿದ್ದಾರೆ.

ಹಳೆಯ ಕಾಯಿದೆ ತೆಗೆದು 1999ರ ಕರ್ನಾಟಕ ಬಾಡಿಗೆ ಕಾಯಿದೆ ಮಾಡಿದರು. 2001ರ ಡಿಸೆಂಬರ್ 31ರಂದು ಅದು ಜಾರಿಗೆ ಬಂತು. ಅದರಲ್ಲೊಂದು ಗೆರೆ ಎಳೆದಿದ್ದಾರೆ: ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500, ಉಳಿದೆಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗಳಿಗೆ ಈ ಕಾಯಿದೆ ಅನ್ವಯಿಸದು. ಅಂದಿನ ಎರಡು ಸಾವಿರ ದೊಡ್ಡ ಮನೆಯ ಬಾಡಿಗೆ. ಈಗ ಮೇಲೆ ಹೇಳಿದ ಜವಾನನನ್ನು ನೆನಪಿಸಿಕೊಳ್ಳಿ. ಸರ್ಕಾರ ತನ್ನ ಕಟ್ಟಕಡೆಯ ನೌಕರನಿಗೆ ಸಣ್ಣ ಊರಿನಲ್ಲಿ ಕೊಡುವ ಬಾಡಿಗೆ ಭತ್ಯೆಯೇ 2,025. ಕಾಯಿದೆಯ ಗೆರೆಯನ್ನು ಅದು ಆಗಲೇ 25 ರೂಪಾಯಿ ದಾಟಿದೆ. ಭತ್ಯೆಯಷ್ಟೇ ಬಾಡಿಗೆಯ ಮನೆ ಎಲ್ಲಾದರೂ ಸಿಕ್ಕಿದರೂ ಕಾಯಿದೆ ಅವನ ಕಡೆ ತಿರುಗಿ ನೋಡುವುದಿಲ್ಲ!

ಕಾಯಿದೆ ತಲುಪದ ಮನೆಗೆ ಮತ್ತೆ 1882ರದ್ದೇ ಆಸರೆ. ತಿಂಗಳ ಬಾಡಿಗೆಯವರನ್ನು ಎಬ್ಬಿಸಲು, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, 15 ದಿನದ ನೋಟಿಸು ಸಾಕು. 2021ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಂದು ಮಾದರಿ ಬಾಡಿಗೆ ಕಾಯಿದೆ ಒಪ್ಪಿ ರಾಜ್ಯಗಳಿಗೆ ಕಳಿಸಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ತಗೊಳ್ಳಕೂಡದು ಎಂದು ಅದರಲ್ಲಿದೆ. ಹತ್ತು ತಿಂಗಳ ಅಡ್ವಾನ್ಸಿಗೆ ಹೆಸರಾದದ್ದು ಬೆಂಗಳೂರು. ಆದರೆ ಮಾದರಿ ಎಂದರೆ ಮಾದರಿ, ರಾಜ್ಯ ತನ್ನದಾಗಿ ಮಾಡಿಕೊಂಡರೆ ಮಾತ್ರ ಅದಕ್ಕೆ ಜೀವ.

'ಯಾವ ಜನ ನೀವು?'

ದುಡ್ಡು ಇದ್ದರೂ ಎಲ್ಲರಿಗೂ ಮನೆ ಸಿಗುವುದಿಲ್ಲ ಎಂಬುದನ್ನು ಹೇಳದೆ ಹೋದರೆ ಈ ಬರಹ ಸುಳ್ಳಾದೀತು. ಮನೆ ಕೇಳಲು ಹೋದವರಿಗೆ ಬಾಡಿಗೆ ಎಷ್ಟು ಎಂದು ಹೇಳುವ ಮೊದಲು ಬರುವ ಪ್ರಶ್ನೆ 'ಯಾವ ಜನ ನೀವು?' ಎಂಬುದು. ಪರಿಶಿಷ್ಟರೆಂದು, ಸಾಬರೆಂದು ತಿಳಿದ ಕೂಡಲೇ 'ಮನೆ ಖಾಲಿ ಇದೆ' ಎಂಬ ಬೋರ್ಡು ನೇತಾಡುತ್ತಿದ್ದರೂ ಮನೆ ಖಾಲಿ ಇರುವುದಿಲ್ಲ. ಕೆಲವರು ನೇರವಾಗಿ ಕೇಳಲು ನಾಚಿ 'ಊಟ ಏನು ಮಾಡ್ತೀರಿ?' ಅನ್ನುತ್ತಾರೆ. ಇದು ಬರಿಯ ಅವಮಾನದ ವಿಷಯವಲ್ಲ, ಬಾಡಿಗೆಯ ವಿಷಯವೂ ಹೌದು. ಹತ್ತು ಬೀದಿಯಲ್ಲಿ ಮನೆ ಹುಡುಕಬೇಕಾದವರು ಎರಡೇ ಬೀದಿಯಲ್ಲಿ ಹುಡುಕಬೇಕಾದರೆ ಆ ಎರಡು ಬೀದಿಯಲ್ಲಿ ಬಾಡಿಗೆ ಏರದೆ ಇನ್ನೇನಾದೀತು?

ಕಡಿಮೆ ಬಾಡಿಗೆಯ ಮನೆ ಯಾಕೆ ಕಡಿಮೆ ಎಂಬುದಕ್ಕೆ 2022ರ ಆಗಸ್ಟ್ ಕೊನೆಯ ಮಳೆ ಉತ್ತರ ಹೇಳಿತು. ಕೆರೆಗಳು ಒಡೆದು, ಹಳ್ಳ ಉಕ್ಕಿ ರಾಮನಗರದ ತಗ್ಗು ಬಡಾವಣೆಗಳಿಗೆ ನೀರು ನುಗ್ಗಿತು, ಹೊಸ ಹೆದ್ದಾರಿಯೇ ಕೆರೆಯಾಯಿತು. ಗೋಡೆ ಬಿದ್ದರೆ ಪರಿಹಾರ ಗೋಡೆಯ ಒಡೆಯನಿಗೆ. ಒಳಗಿದ್ದವರು ಕೊಟ್ಟ ಅಡ್ವಾನ್ಸಿಗೆ ಯಾವ ತಹಸೀಲ್ದಾರರ ಪಂಚನಾಮೆಯೂ ಇಲ್ಲ.

ವಠಾರದವರ ಕರೆಂಟಿನ ಕಥೆಯೂ ಒಂದಿದೆ. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಉಚಿತ, ಬಾಡಿಗೆದಾರರಿಗೂ ಉಂಟು. ಆದರೆ ಮೀಟರು ಬೇರೆ ಇರಬೇಕಲ್ಲ? ನಾಲ್ಕು ಮನೆಗೆ ಒಂದೇ ಮೀಟರು ಹಾಕಿಸಿದ ವಠಾರದಲ್ಲಿ ನಾಲ್ಕು ಮನೆಯೂ ಸೇರಿ 200 ದಾಟುತ್ತದೆ, ಬಿಲ್ಲು ಬರುತ್ತದೆ. ಬಂಗಲೆಯಲ್ಲಿರುವ ಒಂಟಿ ಸಂಸಾರಕ್ಕೆ ಕರೆಂಟು ಪುಕ್ಕಟೆ, ವಠಾರದವರಿಗೆ ತಲಾ ಇಷ್ಟು ಅಂತ ವಸೂಲಿ!

ಸಾವನದುರ್ಗದ ಕಾವಲುಗಾರರು

ಬಾಡಿಗೆಯೂ ಇಲ್ಲ, ಭೋಗ್ಯವೂ ಇಲ್ಲ, ಆದರೂ ಮನೆ ಉಂಟು ಎನ್ನುವ ಮೂರನೆಯ ಬಗೆಯೂ ಈ ಜಿಲ್ಲೆಯಲ್ಲಿದೆ. ರಾಮನಗರದ ಫಿಲೇಚರುಗಳಲ್ಲಿ ಇದು ಹಳೆಯದು. ಗೂಡು ಬೇಯಿಸುವ ಹಬೆ, ಹುಳುವಿನ ವಾಸನೆಯ ಪಕ್ಕದಲ್ಲೇ ಒಂದು ಕೋಣೆ, ಅದರಲ್ಲೇ ಕೆಲಸಗಾರರ ಸಂಸಾರ. ಮುಂಗಡ ತಗೊಂಡಿದ್ದರೆ ಕೆಲಸ ಬಿಡುವಂತಿಲ್ಲ, ಕೆಲಸ ಬಿಟ್ಟರೆ ಕೋಣೆ ಇಲ್ಲ. ಬೇರೆ ಕಡೆ ಮನೆ ಮಾಡಿ ಮನೆಯಲ್ಲೇ ಚರಕ ಹಾಕೋಣ ಎಂದರೆ ನೀರು, ಹೊಗೆ, ವಾಸನೆ ಅಂತ ಯಾವ ಯಜಮಾನನೂ ಒಪ್ಪುವುದಿಲ್ಲ. ಚನ್ನಪಟ್ಟಣದಲ್ಲಿ ಮನೆಯಲ್ಲೇ ಲೇತ್ ಇಟ್ಟು ಗೊಂಬೆ ಕಡೆಯುವವರಿಗೂ ಇದೇ ತಾಪತ್ರಯ. ಮೋಟಾರು ಸದ್ದು, ಕರೆಂಟು ಜಾಸ್ತಿ. ಗೊಂಬೆಗೆ ಲೋಕವಿಖ್ಯಾತಿ, ಕಡೆಯುವವನಿಗೆ ಮನೆ ಸಿಗದು.

ಅದೇ ಬಗೆ ಈಗ ಮಾಗಡಿ ತಾಲ್ಲೂಕಿಗೆ, ಸಾವನದುರ್ಗದ ಬುಡಕ್ಕೆ ಬಂದಿದೆ. ವೀರಭದ್ರಸ್ವಾಮಿ, ಲಕ್ಷ್ಮೀನರಸಿಂಹಸ್ವಾಮಿಗಳ ಸನ್ನಿಧಿ, ಒಂದೇ ಕಲ್ಲಿನ ಬೆಟ್ಟ, ಆಚೆ ಮಂಚನಬೆಲೆಯ ನೀರು. ವಾರದ ಕೊನೆಗೆ ಬೆಂಗಳೂರಿನ ಕಾರುಗಳ ಜಾತ್ರೆ. ಬೇಸಾಯಗಾರರಲ್ಲದವರು ಜಮೀನು ಕೊಳ್ಳಬಾರದೆಂಬ ಕಟ್ಟನ್ನು 2020ರ ಭೂಸುಧಾರಣಾ ತಿದ್ದುಪಡಿ ತೆಗೆದುಹಾಕಿತು. ದುಡ್ಡು ಇದ್ದ ಯಾರೇ ಆಗಲಿ ರಾಗಿ ಹೊಲ ಕೊಂಡು ತೋಟದ ಮನೆ ಕಟ್ಟಬಹುದು. ಹೊಲಕ್ಕೆ ಬೇಲಿ ಬಿದ್ದ ಮೇಲೆ ಒಳಗೆ ನೀರು ಹಾಕಲು, ನಾಯಿಗೆ ಅನ್ನ ಹಾಕಲು, ರಾತ್ರಿ ಕಾಯಲು ಒಬ್ಬ ಬೇಕು. ಹೀಗೆ ಕಾವಲಿಗೆ ನಿಲ್ಲುವವರಲ್ಲಿ ಅದೇ ಹೊಲ ಮಾರಿದವರ ಕಡೆಯವರೂ ಉಂಟು, ಉತ್ತರ ಕರ್ನಾಟಕದಿಂದ ಬಂದ ಸಂಸಾರಗಳೂ ಉಂಟು. ಗೇಟಿನ ಪಕ್ಕ ಒಂದು ಶೀಟಿನ ಮನೆ, ಬಾಡಿಗೆ ಇಲ್ಲ. ಇವರು ಯಾವ ಕಾಯಿದೆಯ ಬಾಡಿಗೆದಾರರೂ ಅಲ್ಲ. ತೋಟ ಕೈ ಬದಲಾದ ದಿನ ಸಾಮಾನು ಕಟ್ಟಬೇಕು. ಶಾಲೆಗೆ ಹೋಗುವ ಮಕ್ಕಳಿದ್ದರೆ ವರ್ಷದ ನಡುವೆ ವರ್ಗಾವಣೆ ಪತ್ರ ಬರೆಸಬೇಕು.

ಊರಿನ ಮಕ್ಕಳಿಗೂ ನೆಮ್ಮದಿಯಿಲ್ಲ. ತೋಟದ ಮನೆಯವರು ಎಕರೆಗೆ ಕೊಡುವ ದರವೇ ಸೈಟಿಗೂ ದರವಾದಾಗ, ಅಣ್ಣ-ತಮ್ಮಂದಿರು ಪಾಲಾಗಿ ಒಂದು ಮನೆ ಕಟ್ಟೋಣವೆಂದರೆ ಊರಲ್ಲೇ ಜಾಗ ಕೊಳ್ಳಲಾಗದೆ ಮಾಗಡಿ ಪೇಟೆಯಲ್ಲಿ ಬಾಡಿಗೆಗೆ ಹೋಗಬೇಕು. ಕನಕಪುರದ ಕಡೆಯೂ ಇದೇ ಗಾಳಿ. 2023ರ ಅಕ್ಟೋಬರ್‌ನಲ್ಲಿ ಆಗ ಉಪಮುಖ್ಯಮಂತ್ರಿಯಾಗಿದ್ದ ಡಿ.ಕೆ. ಶಿವಕುಮಾರ್ ಕನಕಪುರವನ್ನು ಬೆಂಗಳೂರಿಗೆ ಸೇರಿಸುವ ಮಾತಾಡಿದ್ದೇ ತಡ, ಜಮೀನಿನ ಲೆಕ್ಕಗಳು ಶುರುವಾದವು. ಬಿಡದಿಯ ಬಳಿ ಭೈರಮಂಗಲ, ಕಂಚುಗಾರನಹಳ್ಳಿ ಸುತ್ತಿನ ಒಂಬತ್ತು ಹಳ್ಳಿಗಳ ಏಳು ಸಾವಿರಕ್ಕೂ ಹೆಚ್ಚು ಎಕರೆಯಲ್ಲಿ ಉಪನಗರ ಮಾಡುತ್ತೇವೆಂದು 2025ರಲ್ಲಿ ಸರ್ಕಾರ ಹೊರಟಿತು. ರೈತರು ಬೀದಿಗಿಳಿದರು. ಪರ-ವಿರೋಧ ಎರಡೂ ಕಡೆ ನಡೆದದ್ದು ಎಕರೆಯ ಮಾತು. ಆ ಹಳ್ಳಿಗಳ ಸಾಲು ರೂಮುಗಳಲ್ಲಿ ಇರುವ ಕಾರ್ಖಾನೆ ಹುಡುಗರಿಗೆ ಎಕರೆ ಇಲ್ಲವಲ್ಲ, ಅವರ ಮಾತು ಬರಲಿಲ್ಲ.

ನಗರಸಭೆ, ಪುರಸಭೆಗಳ ಆಶ್ರಯ ಸೈಟಿನ ಅರ್ಜಿಗಳು ವರ್ಷಗಟ್ಟಲೆ ಧೂಳು ತಿನ್ನುವುದು ಓದುಗರಿಗೆ ಹೊಸದಲ್ಲ, ಅದನ್ನು ಮತ್ತೆ ಬರೆಯಬೇಕಿಲ್ಲ. ಸರ್ಕಾರ ಸೈಟು ಕೊಡುವವರೆಗೆ ಬಾಡಿಗೆಯಲ್ಲಿ, ಭೋಗ್ಯದಲ್ಲಿ ಇರಲೇಬೇಕಾದವರಿಗೆ ಹೆಚ್ಚು ಖರ್ಚಿಲ್ಲದ ಎರಡು ಕೆಲಸಗಳಿವೆ. ಗಂಟು ಕೊಡುವ ಮುಂಚೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಮನೆಯ ಋಣಭಾರ ಪತ್ರ ತೆಗೆಸುವುದು. ಮನೆಯ ಮೇಲೆ ನೋಂದಣಿಯಾದ ಸಾಲ, ಅಡಮಾನ ಇದ್ದರೆ ಅದರಲ್ಲಿ ಕಾಣುತ್ತದೆ. ಹಾಗೆಯೇ ಹಣವನ್ನು ಕೈಗೆ ಕೊಡದೆ ಬ್ಯಾಂಕಿನ ಮೂಲಕ, ಖಾತೆಯಲ್ಲಿ ಯಾರ ಹೆಸರಿದೆಯೋ ಅವರ ಹೆಸರಿಗೇ ಕಟ್ಟುವುದು. ಅಪ್ಪನ ಹೆಸರಿನ ಮನೆಗೆ ಮಗ ದುಡ್ಡು ಇಸಕೊಂಡು, ಆಮೇಲೆ ಅಣ್ಣ-ತಮ್ಮಂದಿರು ಭಾಗಕ್ಕೆ ದಾವೆ ಹಾಕಿದಾಗ ಭೋಗ್ಯದವರು ನಡುಬೀದಿಯಲ್ಲಿ ನಿಂತದ್ದುಂಟು. ನೋಂದಣಿ ಆದರೆ ಎಲ್ಲಕ್ಕಿಂತ ಮೇಲು. ಸಣ್ಣ ಭೋಗ್ಯಗಳಿಗೆ ಶುಲ್ಕ ಇಳಿಸುವುದು ಮಾತ್ರ ಸರ್ಕಾರದ ಕೈಯಲ್ಲಿದೆ. 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕವನ್ನು ನೂರಕ್ಕೆ 1ರಿಂದ 2ಕ್ಕೆ ಏರಿಸಿದ ಸರ್ಕಾರ ಅದು!

ಕರಾರಿಗೆ ರುಜು ಹಾಕುವ ಮುನ್ನ ಕೊನೆಯ ಸಾಲುಗಳನ್ನೂ ಓದಿಕೊಳ್ಳಿ. ಟೈಪು ಅಂಗಡಿಯ ಸಿದ್ಧ ನಮೂನೆಯಲ್ಲಿ ಸಾಮಾನ್ಯವಾಗಿ ಇರುವ ಷರತ್ತು: ಮನೆ ಬಿಡುವಾಗ ಸುಣ್ಣ-ಬಣ್ಣದ ಬಾಬ್ತು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳತಕ್ಕದ್ದು. ಬರುವಾಗ ಗೋಡೆಗೆ ಸುಣ್ಣ ಹೊಡೆದಿತ್ತೇ ಇಲ್ಲವೇ ಎಂಬುದಕ್ಕೆ ನಮೂನೆಯಲ್ಲಿ ಜಾಗ ಬಿಟ್ಟಿರುವುದಿಲ್ಲ, ಅದನ್ನು ಪೆನ್ನಿನಲ್ಲಿ ಬರೆಸಿಕೊಳ್ಳಬೇಕು.